ಜಪಾನಿನಲ್ಲಿ ಮಗ್ಗ ಕಲಿತದ್ದು, ನಾಗಪುರದಲ್ಲಿ ಜಪಾನಿ ಮಾತಾಡಿದ್ದು

ಯಂತ್ರ ಜೋಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನ ಹತ್ತಿರ ಬಂದರೆ ಪಾನಾ ಹಿಡಿಯುವುದು ಹೇಗೆ, ಬೇರಿಂಗ್ ಕೂರಿಸುವುದು ಹೇಗೆ ಎಂದೇ ಕೇಳುತ್ತಾರೆ. ಅವನ್ನೆಲ್ಲ ಕಾರ್ಖಾನೆಯಲ್ಲಿ ಯಾರಾದರೂ ಕಲಿಸುತ್ತಾರೆ. ಯಾರೂ ಕಲಿಸದ ಸಂಗತಿ ಒಂದಿದೆ. ಪರದೇಶದ ಯಂತ್ರ ಬಂದರೆ ಅದರ ಬೆನ್ನಿಗೇ ಪರದೇಶದ ಮನುಷ್ಯನೂ ಬರುತ್ತಾನೆ. ಯಂತ್ರ ಅರ್ಥವಾಗದಿದ್ದರೆ ಬಿಚ್ಚಿ ನೋಡಬಹುದು. ಮನುಷ್ಯನ ವಿಷಯದಲ್ಲಿ ಆ ಸೌಕರ್ಯವಿಲ್ಲ.

ನಾನು ನಾಗಪುರದ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗದ ಫಿಟರ್ ಆಗಿ ಸೇರಿ ಅಲ್ಲೇ ನಿವೃತ್ತನಾದವನು. ನಡುವೆ ಸಿಕ್ಕ ಬಡ್ತಿಗಳು ನನ್ನ ಹೆಂಡತಿ ನೀಲವ್ವನಿಗೇ ನೆನಪಿಲ್ಲ, ಆದ್ದರಿಂದ ಅವನ್ನು ಬಿಡುತ್ತೇನೆ. ಈಗ ಲಕ್ಷ್ಮೀ ನಗರದ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವುದು ಇಲ್ಲಿನ ನಮ್ಮ ಕನ್ನಡ ಮನೆಗಳ ಹುಡುಗರಿಗಾಗಿ. ಅವರಲ್ಲಿ ಅರ್ಧ ಮಂದಿಗೆ ಕನ್ನಡ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ತಾಯಂದಿರು ಓದಿ ಹೇಳಲಿ. ಅವರಿಗೂ ಮಧ್ಯಾಹ್ನ ಸ್ವಲ್ಪ ಹೊತ್ತು ಹೋದೀತು.

ನಮ್ಮ ತಂದೆ ಗದಗಿನ ಕಡೆಯಿಂದ ಬಂದು ಇಲ್ಲಿನ ರೈಲ್ವೆ ವರ್ಕ್‌ಶಾಪಿಗೆ ಸೇರಿದ್ದರು. ನಾನು ಗಿರಣಿ ಹಿಡಿದೆ. ಐವತ್ತರ ದಶಕದ ನಡುವಿನ ಮಾತು. ನಮ್ಮ ಗಿರಣಿಯವರು ಹೊಸ ಶೆಡ್ಡು ಕಟ್ಟಿಸಿ, ಅದಕ್ಕೆ ಜಪಾನಿನಿಂದ ಮಗ್ಗ ತರಿಸುವುದೆಂದು ಗೊತ್ತುಮಾಡಿದರು. ನೂಲು ಮುಗಿದರೆ ನಿಲ್ಲದೆ ತಾನೇ ಲಾಳಿ ಬದಲಿಸಿಕೊಳ್ಳುವ ಮಗ್ಗ. ಒಬ್ಬರು ಅಲ್ಲಿಗೆ ಹೋಗಿ ಕಲಿತು ಬರಬೇಕಿತ್ತು. ನನಗಿಂತ ಹಿರಿಯರಿಗೆಲ್ಲ ಕೇಳಿದರು. ಒಬ್ಬರಿಗೆ ಸಮುದ್ರ ಆಗದು, ಒಬ್ಬರಿಗೆ ಅತ್ತೆ ಮನೆಯವರು ಬಿಡರು. ಕೊನೆಗೆ ನಮ್ಮ ಮ್ಯಾನೇಜರು ವೈದ್ಯ ಸಾಹೇಬರು ನನ್ನನ್ನು ಕರೆದರು. ಅವರು ಮರಾಠಿಯವರು, ನನ್ನ ಜೊತೆ ಹಿಂದಿ ಆಡುತ್ತಿದ್ದರು.

“ಹಿರೇಮಠ, ದೋ ಬಾತ್ ಯಾದ್ ರಖೋ. ಒಂದು, ಟೈ ಬಿಚ್ಚಬೇಡ. ಎರಡು, ತಿಳಿಯದಿದ್ದರೂ ತಿಳಿಯಿತು ಅನ್ನು. ದೇಶದ ಇಜ್ಜತ್ ಕಾ ಸವಾಲ್ ಹೈ.”

ಅವರ ಮೊದಲನೆಯ ಬುದ್ಧಿಮಾತಿನಿಂದ ನನಗೆ ಬೆವರುಸಾಲೆ ಎದ್ದಿತು. ಎರಡನೆಯದರಿಂದ ಆದದ್ದನ್ನು ಮುಂದೆ ಹೇಳುತ್ತೇನೆ.

ಮನೆಯಲ್ಲಿ ನೀಲವ್ವ ಅಳಲಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಡಬ್ಬಿ ತುಂಬುತ್ತ ಕೇಳಿದಳು:

“ಅಲ್ಲಿ ಮಂದಿ ಬರೇ ಮೀನಾ ತಿಂತಾರಂತ. ನೀವು ಏನ್ ತಿಂತೀರಿ?”

“ಅನ್ನ ಅಂತೂ ಇರ್ತೈತಿ.”

“ಅನ್ನಕ್ಕ ಏನ್ ಹಚ್ಕೊಂಡು ತಿಂತೀರಿ?”

ಆ ಪ್ರಶ್ನೆಯನ್ನೂ ಚಟ್ನಿಯ ಡಬ್ಬಿಗಳ ಜೊತೆ ಗಂಟು ಕಟ್ಟಿಕೊಂಡು ಹೊರಟೆ. ಕಲಕತ್ತೆಯಲ್ಲಿ ಹಡಗು ಹತ್ತಿದಾಗಲೂ ಅದು ಜೊತೆಗಿತ್ತು.

ಕೋಬೆ ಬಂದರಿನಲ್ಲಿ ಇಳಿದು ರೈಲು ಹತ್ತಿದಾಗ ಅಲ್ಲಿ ಬೇಸಿಗೆ. ನಾಗಪುರದ ಬಿಸಿಲು ಒಣ ಬಿಸಿಲು. ಅಲ್ಲಿಯದು ಒದ್ದೆ ಕಂಬಳಿ ಹೊದ್ದ ಹಾಗೆ. ನಾನು ಕೋಟು, ಟೈ ಹಾಕಿ ಕಿಟಕಿಯ ಪಕ್ಕ ಕೂತಿದ್ದೆ. ಎದುರಿಗೆ ಹ್ಯಾಟು, ಕನ್ನಡಕದ ಒಬ್ಬ ಗಂಭೀರ ಗೃಹಸ್ಥರು. ನ್ಯಾಯಾಧೀಶರೇ ಇರಬೇಕು ಎಂದುಕೊಂಡು ನಾನು ಇನ್ನಷ್ಟು ನೆಟ್ಟಗಾದೆ. ರೈಲು ಹೊರಟು ಸ್ವಲ್ಪ ಹೊತ್ತಿಗೆ ಅವರು ಎದ್ದು ನಿಂತು ಕೋಟು ಬಿಚ್ಚಿ ನೇತುಹಾಕಿದರು. ಆಮೇಲೆ ಪ್ಯಾಂಟು ಬಿಚ್ಚಿ, ಇಸ್ತ್ರಿಯ ಗೀರು ಕೆಡದ ಹಾಗೆ ಮಡಿಸಿ, ಅದನ್ನೂ ನೇತುಹಾಕಿದರು. ಮೊಣಕಾಲಿನವರೆಗಿನ ತೆಳು ಬಿಳಿ ಚಲ್ಲಣದಲ್ಲಿ ಕೂತು ಪತ್ರಿಕೆ ಓದತೊಡಗಿದರು. ನಾನು ಆಚೀಚೆ ನೋಡಿದೆ. ರೈಲು ಡಬ್ಬಿಯ ಮುಕ್ಕಾಲು ಪಾಲು ಗಂಡಸರು ಹಾಗೇ ಕೂತಿದ್ದರು. ಕೊರಳಿಗೆ ಗಂಟು ಬಿಗಿದುಕೊಂಡು ದೇಶದ ಮಾನ ಕಾಯುತ್ತಿದ್ದವನು ನಾನೊಬ್ಬನೇ. ಗೃಹಸ್ಥರು ಪತ್ರಿಕೆ ಇಳಿಸಿ ನನ್ನನ್ನು ನೋಡಿದರು. ಇವನಿಗೇನೋ ಕಾಯಿಲೆ ಇರಬೇಕು ಎಂಬಂತೆ ತಮ್ಮ ಬೀಸಣಿಗೆಯಿಂದ ನನಗೆ ಗಾಳಿ ಹಾಕತೊಡಗಿದರು. ತಮ್ಮ ಊರು ಬಂದಾಗ ಪ್ಯಾಂಟು ಏರಿಸಿ, ಹ್ಯಾಟಿಟ್ಟು, ನನಗೊಂದು ನಮಸ್ಕಾರ ಮಾಡಿ, ಮತ್ತೆ ನ್ಯಾಯಾಧೀಶರಾಗಿ ಇಳಿದು ಹೋದರು.

ಮಗ್ಗದ ಕಾರ್ಖಾನೆ ಒಂದು ಸಣ್ಣ ಊರಿನಲ್ಲಿತ್ತು. ಕಾರ್ಖಾನೆಯವರು ನನ್ನನ್ನು ಕಿಕುಯೆ ಎಂಬ ವಿಧವೆ ಅಜ್ಜಿಯ ಮನೆಯ ಮಹಡಿಯಲ್ಲಿ ಇರಿಸಿದರು. ಒಳಗೆ ಕಾಲಿಟ್ಟ ಕೂಡಲೇ ನನಗೆ ಧೈರ್ಯ ಬಂತು. ಚಪ್ಪಲಿ ಹೊರಗೆ, ಕೂಡುವುದು ನೆಲದ ಮೇಲೆ, ಊಟಕ್ಕೆ ಮಣೆಯಷ್ಟೆತ್ತರದ ಮೇಜು. ಇದು ಗದಗಿನ ಮನೆಯೇ, ಗೋಡೆ ಮಾತ್ರ ಕಾಗದದ್ದು. ಅವರ ಭಾಷೆಯಲ್ಲಿ ಒಬಾಸಾನ್ ಎಂದರೆ ಅಜ್ಜಿ, ಒಬಸಾನ್ ಎಂದರೆ ಚಿಕ್ಕಮ್ಮ, ಒಂದು ದೀರ್ಘದ ವ್ಯತ್ಯಾಸ ಅಷ್ಟೆ. ನನ್ನ ಜೊತೆ ಕಲಿಯಲು ಬಂದಿದ್ದ ಒಬ್ಬ ಬಿಳಿಯನು ಕಂಡ ಕಂಡ ಹೆಂಗಸರನ್ನೆಲ್ಲ ಅಜ್ಜಿ ಎನ್ನುತ್ತ ಬೈಸಿಕೊಳ್ಳುತ್ತಿದ್ದ. ನನ್ನನ್ನು ನಮ್ಮ ಕಾಗುಣಿತ ಕಾಪಾಡಿತು. ಆದರೆ ಹಿರೇಮಠ ಎನ್ನುವುದು ಅವರ ಬಾಯಲ್ಲಿ ಹಿರೇಮಾತೊ ಆಯಿತು. ನನ್ನ ಮಠ ಹೋಗಿ ಮಾತು ಉಳಿಯಿತು.

ಮೀನು ಬೇಡವೆಂದು ಮೊದಲ ದಿನವೇ ಮೀನಿನ ಚಿತ್ರ ಬರೆದು ಅಡ್ಡಗೆರೆ ಎಳೆದು ತೋರಿಸಿದ್ದೆ. ಅಜ್ಜಿ ಮಾತು ಉಳಿಸಿಕೊಂಡರು. ತಟ್ಟೆಯಲ್ಲಿ ಒಂದು ದಿನವೂ ಮೀನು ಕಾಣಲಿಲ್ಲ. ಅನ್ನ, ಉಪ್ಪಿನಕಾಯಿ, ಸೋಯಾ ಗಿಣ್ಣಿನಂಥದ್ದೊಂದು, ಜೊತೆಗೆ ಬಿಸಿ ಸಾರು. ಆ ಸಾರು ಬಹಳ ರುಚಿ. ದಿನಾ ಬೆಳಿಗ್ಗೆ ಅಡುಗೆಮನೆಯಿಂದ ಬಡಗಿ ಕೀಸುಳಿ ಹೊಡೆಯುವ ಸದ್ದು ಬರುತ್ತಿತ್ತು. ಇಣುಕಿದರೆ ಅಜ್ಜಿ ಬೋರಲು ಹಾಕಿದ ಕೀಸುಳಿಯ ಮೇಲೆ ಕಪ್ಪು ಕಟ್ಟಿಗೆಯ ತುಂಡೊಂದನ್ನು ಉಜ್ಜುತ್ತಿದ್ದರು. ತೆಳ್ಳನೆಯ ಹೊಟ್ಟು ಉದುರುತ್ತಿತ್ತು, ಅದನ್ನು ನೀರಿಗೆ ಹಾಕಿ ಕುದಿಸುತ್ತಿದ್ದರು. ನಮ್ಮಲ್ಲಿ ದಾಲ್ಚಿನ್ನಿ ಚಕ್ಕೆ ಇಲ್ಲವೇ, ಹಾಗೇ ಇವರ ಕಾಡಿನ ಯಾವುದೋ ಚಕ್ಕೆ ಎಂದು ನಾನು ತೀರ್ಮಾನಿಸಿದೆ. ಕೀಸುಳಿಯ ಅಲಗು ಮೊಂಡಾಗಿತ್ತು. ಫಿಟರ್ ಕೈ ಸುಮ್ಮನಿರುವುದಿಲ್ಲ. ಒಂದು ಭಾನುವಾರ ಅಲಗು ಬಿಚ್ಚಿ, ಕಾರ್ಖಾನೆಯ ಸಾಣೆಕಲ್ಲಿನಲ್ಲಿ ಹಿಡಿದು, ಕೂದಲು ಸೀಳುವಷ್ಟು ಹರಿತ ಮಾಡಿಕೊಟ್ಟೆ. ಅಜ್ಜಿಗೆ ಸಂತೋಷವೋ ಸಂತೋಷ. ಹೊಟ್ಟು ರೇಷ್ಮೆಯ ಹಾಗೆ ಬಂತು, ಸಾರು ಇನ್ನೂ ರುಚಿಯಾಯಿತು, ನಾನು ಎರಡು ಬಟ್ಟಲು ಕುಡಿದೆ.

ಉಪಕಾರ ತೀರಿಸಲು ಅಜ್ಜಿ ನನ್ನನ್ನು ಪೇಟೆಗೆ ಕರೆದುಕೊಂಡು ಹೋದರು. ಹೊಸ ತುಂಡನ್ನು ನಾನೇ ಆರಿಸಬೇಕಂತೆ. ಅಂಗಡಿಯವನು ಎರಡು ತುಂಡು ಹಿಡಿದು ಒಂದಕ್ಕೊಂದು ಬಡಿದ. ಠಣ್ ಎಂದಿತು, ಒಳ್ಳೇ ಕಟ್ಟಿಗೆ. ಇದು ಯಾವ ಮರದ್ದು ಎಂದು ನನ್ನ ಹರಕು ಜಪಾನಿಯಲ್ಲಿ ಕೇಳಿದೆ. ಅಂಗಡಿಯವನು ಅಜ್ಜಿಯನ್ನು ನೋಡಿದ, ಅಜ್ಜಿ ಅಂಗಡಿಯವನನ್ನು ನೋಡಿದರು. ಅವನು ಮೆಲ್ಲಗೆ ಹಿಂದೆ ಸರಿದು ಬುಟ್ಟಿಯಲ್ಲಿ ಮಲಗಿದ್ದ ತೊಡೆ ದಪ್ಪದ ಮೀನೊಂದನ್ನು ತೋರಿಸಿದ. ಬೇಯಿಸಿ, ಹೊಗೆ ಹಾಕಿ, ತಿಂಗಳುಗಟ್ಟಲೆ ಒಣಗಿಸಿದರೆ ಅದು ಹೀಗಾಗುತ್ತದಂತೆ.

ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಿಕುಯೆ ಅಜ್ಜಿ ನನಗಿಂತ ಹೆಚ್ಚು ಕಂಗಾಲಾದರು. ನನಗೆ ಮುಳ್ಳಿನ ಹೆದರಿಕೆ ಎಂದು ಅವರು ತಿಳಿದಿದ್ದರು. ಧರ್ಮದ ವಿಷಯ ಎಂದು ಆಗಲೇ ಗೊತ್ತಾದದ್ದು. ಆ ಸಂಜೆಯೇ ಹತ್ತಿರದ ಬೌದ್ಧ ಮಠಕ್ಕೆ ಹೋಗಿ, ಸನ್ಯಾಸಿಗಳು ಸಾರಿಗೆ ಏನು ಹಾಕುತ್ತಾರೆಂದು ಕೇಳಿಕೊಂಡು ಬಂದರು. ಮರುದಿನದಿಂದ ಸಮುದ್ರದ ಸೊಪ್ಪು, ಒಣ ಅಣಬೆಯ ಸಾರು. ಅದೂ ಚೆನ್ನಾಗಿಯೇ ಇತ್ತು. ಊರಿಗೆ ಬಂದ ಮೇಲೆ ಇದನ್ನೆಲ್ಲ ನೀಲವ್ವನಿಗೆ ಹೇಳಿದಾಗ ಆಕೆ, “ಅತ್ತಿಯವ್ರ ಮುಂದ ಮೀನು ತಿಂದೆ ಅಂತ ಅನ್ಬ್ಯಾಡ್ರಿ. ಕಟ್ಟಿಗಿ ತಿಂದೆ ಅಂತ ಹೇಳ್ರಿ,” ಎಂದಳು.

ಸ್ನಾನದ ಕಥೆ ಬೇರೆ. ಅಜ್ಜಿಯ ಮನೆಯಲ್ಲಿ ಬಚ್ಚಲಿರಲಿಲ್ಲ. ಬೀದಿಗೊಂದು ಸಾರ್ವಜನಿಕ ಸ್ನಾನದ ಮನೆ. ಹೊರಗೆ ಸೋಪು ಹಚ್ಚಿ ಮೈ ತೊಳೆದುಕೊಂಡು, ಆಮೇಲೆ ಎಲ್ಲರೂ ಒಂದೇ ದೊಡ್ಡ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಕೂಡಬೇಕು. ಮೈಮೇಲೆ ಬಟ್ಟೆಯ ಪ್ರಶ್ನೆಯೇ ಇಲ್ಲ. ನಾನು ಕಣ್ಣು ಮುಚ್ಚಿಕೊಂಡು ನಾಚಿಕೆ ಗೆದ್ದೆ. ಆದರೆ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಒಳಗೆ ಇಷ್ಟಲಿಂಗ. ಅದನ್ನು ತೆಗೆಯುವಂತಿಲ್ಲ. ನೀರು ಕುದಿಯುವುದೊಂದು ಬಾಕಿ. ಎರಡು ನಿಮಿಷದಲ್ಲಿ ಬೆಳ್ಳಿ ಕಾದು ಎದೆಗೆ ಬರೆ ಹಾಕಿತು. ನಾನು ಎದೆ ಹಿಡಿದುಕೊಂಡು ಎದ್ದು ಕುಣಿದ ರಭಸಕ್ಕೆ ತೊಟ್ಟಿಯಲ್ಲಿದ್ದ ಹಿರಿಯರು ಹೃದಯಾಘಾತವೆಂದು ಭಾವಿಸಿ ನನ್ನನ್ನು ಎತ್ತಿ ಹೊರಗೆ ಮಲಗಿಸಿದರು. ವಿಷಯ ತಿಳಿದ ಮೇಲೆ ಅವರಲ್ಲೊಬ್ಬ ಮುದುಕರು ತಮ್ಮ ತಲೆ ತೋರಿಸಿದರು. ಅಲ್ಲಿಯ ಜನ ಮಡಿಸಿದ ಒದ್ದೆ ಟವೆಲ್ಲನ್ನು ತಲೆಯ ಮೇಲಿಟ್ಟುಕೊಂಡು ಕೂಡುತ್ತಾರೆ. ಅವರು ನನ್ನ ತಲೆಯ ಮೇಲೂ ಒಂದು ಟವೆಲು ಇಟ್ಟು, ದಾರ ಕೊರಳಲ್ಲೇ ಇರುವಂತೆ ಕರಡಿಗೆಯನ್ನು ಎತ್ತಿ ಅದರ ಮೇಲೆ ಕೂರಿಸಿ, ಕೈ ಜೋಡಿಸಿದರು. ಲಿಂಗ ತಲೆಯ ಮೇಲಿದ್ದರೆ ಯಾವ ಗುರುವಿನ ಆಕ್ಷೇಪಣೆಯೂ ಇರಲಾರದು. ಅಲ್ಲಿರುವ ತನಕ ನಾನು ಹಾಗೇ ಸ್ನಾನ ಮಾಡಿದೆ.

ಇನ್ನು ಭಾಷೆ. ನಮ್ಮ ಮಾತಿನಂತೆ ಕೇಳುವ ಪರಭಾಷೆಯ ಮಾತನ್ನು ನಂಬಬೇಡಿ. ಒಂದು ಸಂಜೆ ಊಟಕ್ಕೆ ಕೂತಾಗ ಅನ್ನ ತೀರಿತ್ತು. ಅಜ್ಜಿ “ಚೊಟ್ಟೋ ಮತ್ತೆ” ಎಂದು ಒಳಗೆ ಹೋಗಿ ಇನ್ನಷ್ಟು ಅನ್ನ ತಂದರು. ನನಗೆ ರೋಮಾಂಚನವಾಯಿತು. ಚೊಟ್ಟೋ ಅಂದರೆ ಹಿಂದಿಯ ಛೋಟಾ, ಸ್ವಲ್ಪ. ಮತ್ತೆ ಅಂದರೆ ಅಚ್ಚ ಕನ್ನಡದ ಮತ್ತೆ. ಅಂದರೆ ಮತ್ತೆ ಸ್ವಲ್ಪ. ಮರುದಿನ ಬಟ್ಟಲು ಚಾಚಿ ಆತ್ಮವಿಶ್ವಾಸದಿಂದ “ಚೊಟ್ಟೋ ಮತ್ತೆ” ಎಂದೆ. ಅನ್ನದ ಸೌಟು ಹಿಡಿದ ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ನಾನು ಕಾದೆ. ಅವರೂ ಕಾದರು. ಅನ್ನ ಆರಿತು. ಇವರಲ್ಲಿ ಎರಡನೇ ಸಲ ಬಡಿಸುವುದಕ್ಕೆ ಏನೋ ಸಂಕೋಚವಿದೆ ಎಂದುಕೊಂಡು ಎದ್ದೆ.

ಕಾರ್ಖಾನೆಯಲ್ಲಿ ನನಗೆ ಕಲಿಸುತ್ತಿದ್ದವರು ತಮುರಾ ಎಂಬ ಮೇಸ್ತ್ರಿ. ಐವತ್ತರ ಹತ್ತಿರದ ಬಡಕಲು ಮನುಷ್ಯ, ಮಾತು ಕಡಿಮೆ, ಜೇಬಿನಲ್ಲಿ ಯಾವಾಗಲೂ ನೂಲಿನ ತುಂಡುಗಳು. ಲಾಳಿ ಬದಲಾಗುವುದನ್ನು ಅವರು ತೋರಿಸಿದರು. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಯಿತು. ಮತ್ತೆ ಸ್ವಲ್ಪ ತೋರಿಸಲಿ ಎಂದು “ಚೊಟ್ಟೋ ಮತ್ತೆ” ಎಂದೆ. ಅವರು ತಟ್ಟನೆ ಮಗ್ಗ ನಿಲ್ಲಿಸಿದರು. ನಿಲ್ಲಿಸಿದರೆ ನೋಡುವುದೇನು? ಇನ್ನೂ ಗಟ್ಟಿಯಾಗಿ ಹೇಳಿದೆ. ಅವರು ಕೈ ಮೇಲೆತ್ತಿ ಹಿಂದೆ ಸರಿದರು. ಪಕ್ಕದ ಮಗ್ಗದವನೂ ನಿಲ್ಲಿಸಿದ. ನಾನು ಕೈ ಬೀಸಿ ಕೂಗಿದೆ. ಯಾರೋ ಓಡಿಹೋಗಿ ದೊಡ್ಡ ಮೋಟಾರು ಆರಿಸಿದರು. ಇಡೀ ಶೆಡ್ಡು ಸ್ತಬ್ಧವಾಯಿತು. ಯಾರ ಕೈ ಸಿಕ್ಕಿಕೊಂಡಿದೆಯೆಂದು ಎಲ್ಲರೂ ಹುಡುಕತೊಡಗಿದರು. ತಿಳಿಯಿತೇ ಎಂದು ತಮುರಾ ಕೇಳಿದರು. ವೈದ್ಯ ಸಾಹೇಬರ ಮಾತು ನೆನೆದು ತಿಳಿಯಿತು ಎಂದೆ. ಏನು ತಿಳಿಯಿತೆಂದು ಅವರಿಗೂ ತಿಳಿಯಲಿಲ್ಲ. ‘ಚೊಟ್ಟೋ’ ಅಂದರೆ ಸ್ವಲ್ಪವೇ, ಆದರೆ ‘ಮತ್ತೆ’ ಅಂದರೆ ತಡೆ, ನಿಲ್ಲು ಎಂದು ಸಂಜೆ ಅಜ್ಜಿ ಅಭಿನಯಿಸಿ ತೋರಿಸಿದರು.

ಅಂದಿನಿಂದ ತಿಳಿಯದ್ದನ್ನು ತಿಳಿಯಿತು ಎನ್ನುವುದನ್ನು ಬಿಟ್ಟೆ. ದಿನಾ ಸಂಜೆ ಅಜ್ಜಿಯ ಎದುರು ಕೂತು ಅವರು ಹೇಳಿದಂತೆಯೇ ಹೇಳಿ ಹೇಳಿ ಜಪಾನಿ ಕಲಿತೆ. ಒಂದು ವರ್ಷದ ಹೊತ್ತಿಗೆ ನೀರು ಹರಿದ ಹಾಗೆ ಆಡುತ್ತಿದ್ದೆ. ಕೇಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮೆಚ್ಚುಗೆ ಎಂದುಕೊಂಡು ನಾನೂ ನಗುತ್ತಿದ್ದೆ.

ನಾನು ಊರಿಗೆ ಮರಳಿದೆ, ಬೆನ್ನಿಗೇ ಮಗ್ಗಗಳೂ ನಾಗಪುರಕ್ಕೆ ಬಂದವು. ಅವುಗಳನ್ನು ಜೋಡಿಸಲು ತಮುರಾ ಬಂದರು. ಅವರಿಗೆ ಜಪಾನಿ ಬಿಟ್ಟು ಬೇರೆ ಬಾರದು, ಇಲ್ಲಿ ನನ್ನನ್ನು ಬಿಟ್ಟು ಯಾರಿಗೂ ಜಪಾನಿ ಬಾರದು. ಮೊದಲ ದಿನ ಊಟಕ್ಕೆ ನಮ್ಮ ಕ್ವಾರ್ಟರ್ಸಿಗೆ ಕರೆತಂದೆ. ಅವರು ಬಾಗಿಲಲ್ಲೇ ಸೊಂಟ ಬಗ್ಗಿಸಿ ನೀಲವ್ವನಿಗೆ ತಮ್ಮ ಪರಿಚಯ ಹೇಳಿಕೊಂಡರು: “ತಮುರಾ ದೆಸ್.”

ತಮ್ಮೂರು ಯಾವುದು, ದೇಶ ಯಾವುದು ಎಂದು ಕೇಳುತ್ತಿದ್ದಾರೆ ಎಂದುಕೊಂಡ ನೀಲವ್ವ, “ನಮ್ಮೂರು ಗದಗ ರೀ. ದೇಶಾ ಇದ,” ಎಂದಳು.

ತಮುರಾ ಇನ್ನೊಮ್ಮೆ ಬಾಗಿ, “ಗದಗುರಿ-ಸಾನ್” ಎಂದರು. ಅವರ ‘ಸಾನ್’ ನಮ್ಮ ‘ಅವರೇ’ ಇದ್ದ ಹಾಗೆ. ಆಮೇಲೆ ನಾನು ಎಷ್ಟು ತಿದ್ದಿದರೂ ನನ್ನ ಹೆಂಡತಿ ಅವರಿಗೆ ಗದಗುರಿ-ಸಾನ್ ಆಗಿಯೇ ಉಳಿದಳು. ಆಕೆ ಅವರನ್ನು ಅಣ್ಣಾರ ಎನ್ನುತ್ತಿದ್ದಳು. ರೊಟ್ಟಿಯನ್ನು ಅವರು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, ದಪ್ಪ ಎಲ್ಲ ಕಡೆ ಒಂದೇ ಸಮ ಇದೆ, ಯಾವ ಯಂತ್ರದ್ದು ಎಂದು ಕೇಳಿದರು. ಕೈಯಲ್ಲಿ ಬಡಿದದ್ದು ಎಂದೆ. ಆ ಹೊತ್ತಿನಿಂದ ನಮ್ಮ ಮನೆಯಲ್ಲಿ ಅವರ ಗೌರವ ನನ್ನ ಮೇಲಲ್ಲ, ನೀಲವ್ವನ ಮೇಲೆ ಎಂಬುದು ಸ್ಪಷ್ಟವಾಯಿತು.

ಗಿರಣಿಯಲ್ಲಿ ಕೆಲಸಗಾರರು ಅವರನ್ನು ಎರಡೇ ದಿನದಲ್ಲಿ ತಮ್ಮವರನ್ನಾಗಿ ಮಾಡಿಕೊಂಡರು. ಜಪಾನಿಯಲ್ಲಿ ಇಲ್ಲ ಎನ್ನುವುದಕ್ಕೆ ‘ನಾಯ್’. ನಾಗಪುರದ ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ. ಎಣ್ಣೆ ಡಬ್ಬಿ ಅಲ್ಲಾಡಿಸಿ ತಮುರಾ ನಾಯ್ ಎಂದರೆ ಆಳು ಓಡಿಹೋಗಿ ಎಣ್ಣೆ ತರುತ್ತಿದ್ದ. ಸಾಹೇಬನಿಗೆ ಮರಾಠಿ ಬರುತ್ತದೆ, ಬಿಂಕಕ್ಕೆ ಆಡುವುದಿಲ್ಲ ಎಂದು ಸುದ್ದಿಯಾಯಿತು. ತೊಂದರೆ ಬಂದದ್ದು ಇನ್ನೊಂದು ಮಾತಿನಿಂದ. ಜಪಾನಿಗಳು ‘ಹಾಯ್’ ಎಂದರೆ ನೀವು ಹೇಳಿದ್ದು ಕಿವಿಗೆ ಬಿತ್ತು ಎಂದಷ್ಟೇ ಅರ್ಥ, ಒಪ್ಪಿಗೆ ಎಂದಲ್ಲ. ವೈದ್ಯ ಸಾಹೇಬರಿಗೆ ಅದು ಹಿಂದಿಯ ‘ಹೈ’ ಎಂದೇ, ಅಂದರೆ ಹೌದು ಎಂದೇ, ಕೇಳಿಸುತ್ತಿತ್ತು.

“ಚೇರಮನ್ ಸಾಹೇಬರು ಉದ್ಘಾಟನೆಗೆ ಬರೋದರೊಳಗೆ ಎಲ್ಲ ಮಗ್ಗ ಚಾಲೂ?” ಎಂದು ಒಂದು ದಿನ ಅವರು ನನ್ನ ಮೂಲಕ ಕೇಳಿಸಿದರು.

“ಹಾಯ್,” ಎಂದರು ತಮುರಾ. ಆಮೇಲೆ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಉಸಿರೆಳೆದು, “ಚೊಟ್ಟೋ...” ಎಂದರು.

ಹೀಗೆ ಅರ್ಧಕ್ಕೆ ಬಿಟ್ಟ ‘ಸ್ವಲ್ಪ’ ಎಂದರೆ ಆಗದು ಎಂದರ್ಥ. ಜಪಾನಿಗಳು ಆಗದು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಇದನ್ನೆಲ್ಲ ವಿವರಿಸುವಷ್ಟರಲ್ಲಿ ವೈದ್ಯ ಸಾಹೇಬರು, “ಹೈ ಅಂದ, ಬಸ್, ಖತಮ್,” ಎಂದು ಹೋಗಿಬಿಟ್ಟರು.

ತಮುರಾ ಉಸಿರೆಳೆದದ್ದಕ್ಕೆ ಕಾರಣ ಇತ್ತು. ಅವರ ಮಗ್ಗ ಬೆಳೆದದ್ದು ತೇವದ ಗಾಳಿಯಲ್ಲಿ. ನಾಗಪುರದ ಮೇ ತಿಂಗಳಲ್ಲಿ ಹಾಸಿನ ಎಳೆಗಳು ಒಣಗಿ ಹಪ್ಪಳವಾಗಿ, ಮಗ್ಗ ನಾಲ್ಕು ಸಲ ಬಡಿಯುವುದರೊಳಗೆ ಪಟಪಟ ಕಡಿಯುತ್ತಿದ್ದವು. ಶೆಡ್ಡಿನ ಗಾಳಿಗೆ ತೇವ ಕೊಡುವ ಯಂತ್ರ ಮುಂಬಯಿಯಿಂದ ಬರಬೇಕಿತ್ತು, ಬಂದಿರಲಿಲ್ಲ. ನೆಲಕ್ಕೆ ನೀರು ಚೆಲ್ಲಿದೆವು, ಅದು ಹಬೆಯಾಗಿ ನಮ್ಮನ್ನೇ ಬೇಯಿಸಿತು. ಒಂದು ದಿನ ವೈದ್ಯ ಸಾಹೇಬರು ಬಂದು, ಒಂದೂ ಮಗ್ಗ ನಡೆಯದಿದ್ದುದನ್ನು ನೋಡಿ ಕೆಂಡವಾದರು.

“ಇವನಿಗೆ ಹೇಳು, ಇವು ಮಗ್ಗ ಅಲ್ಲ, ಗುಜರಿ ಕಬ್ಬಿಣ. ಹಡಗಿಗೆ ಹಾಕಿ ವಾಪಸ್ ಕಳಿಸ್ತೀನಿ. ಬರೋಬರ್ ಹಾಗೇ ಹೇಳು.”

ಹಾಗೇ ಹೇಳಿದರೆ ತಮುರಾ ಅಂದೇ ಗಂಟು ಕಟ್ಟುವರೆಂದು ನನಗೆ ಗೊತ್ತಿತ್ತು. ಮಗ್ಗ ವಾಪಸಾದರೆ ಅವರು ತಮ್ಮ ಕಾರ್ಖಾನೆಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ನನ್ನ ಕಲಿಕೆಯೂ ಹೊಳೆಗೆ ಹೋಗುತ್ತಿತ್ತು. ಆದ್ದರಿಂದ, ಮ್ಯಾನೇಜರ್ ಸಾಹೇಬರು ನಿಮ್ಮ ಮಗ್ಗದ ಕಬ್ಬಿಣದ ವಿಷಯ ಮಾತಾಡುತ್ತಿದ್ದಾರೆ, ಹಡಗಿನ ವಿಷಯವೂ ಬಂತು ಎಂದೆ. ತಮುರಾ ಕಬ್ಬಿಣದ ಮೆಚ್ಚುಗೆಗೆ ಕೃತಜ್ಞತೆಯಿಂದ ಆಳವಾಗಿ ಬಾಗಿದರು. ವೈದ್ಯ ಸಾಹೇಬರ ಮುಖ ಸಡಿಲಾಯಿತು.

“ನೋಡಿದಿಯಾ, ಗಲತಿ ಒಪ್ಪಿಕೊಂಡ. ಆದ್ಮೀ ಒಳ್ಳೆಯವನು. ಆದರೆ ಜಲ್ದಿ ಮಾಡಲಿ.”

ಇಬ್ಬರ ನಡುವೆ ನಿಂತು ಮಾತು ದಾಟಿಸುವವನು ಎಷ್ಟನ್ನು ದಾಟಿಸಬೇಕು, ಎಷ್ಟನ್ನು ತನ್ನ ಜೇಬಿಗೆ ಹಾಕಿಕೊಳ್ಳಬೇಕು ಎಂಬುದಕ್ಕೆ ನಿಯಮವಿಲ್ಲ. ಅಂದು ಜೇಬಿಗೆ ಹಾಕಿಕೊಂಡದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ.

ಆ ಭಾನುವಾರ ತಮುರಾ ನಮ್ಮ ಮನೆಯಲ್ಲಿ ಊಟ ಮುಗಿಸಿ ಗೋಡೆಗೊರಗಿ ಕೂತಿದ್ದರು, ಮುಖ ಸಪ್ಪಗಿತ್ತು. ಕಿಟಕಿಗೆ ನಾಗಪುರದ ಎಲ್ಲ ಮನೆಗಳಂತೆ ಲಾವಂಚದ ತಟ್ಟಿ ಕಟ್ಟಿತ್ತು. ನೀಲವ್ವ ತಂಬಿಗೆಯಲ್ಲಿ ಅದಕ್ಕೆ ನೀರು ಎರಚಿದಳು. ತಂಪು ಗಾಳಿ ಒಳಗೆ ಬಂತು.

“ಅಣ್ಣಾರಿಗೆ ಇತ್ತ ಸರದು ಕುಂದರಾಕ ಹೇಳ್ರಿ. ಅಲ್ಲಿ ಧಗಿ ಐತಿ,” ಎಂದಳು.

ಅವರು ಸರಿದು ಕೂತರು. ಸ್ವಲ್ಪ ಹೊತ್ತಿಗೆ ಜೇಬಿನಿಂದ ನೂಲಿನ ತುಂಡೊಂದನ್ನು ತೆಗೆದು ತಟ್ಟಿಯ ಮುಂದೆ ಹಿಡಿದುಕೊಂಡೇ ಕೂತರು. ಆಮೇಲೆ ಎಳೆದರು. ಕಡಿಯಲಿಲ್ಲ. ಎದ್ದು ಅಂಗಳದ ಬಿಸಿಲಿಗೆ ಹೋಗಿ ಇನ್ನೊಂದು ತುಂಡು ಹಿಡಿದು ನಿಂತರು. ಅಕ್ಕಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಎಳೆದರು, ಪಟ್ಟೆಂದು ಕಡಿಯಿತು. ಒಳಗೆ ಬಂದು ಕೇಳಿದರು, “ಹಿರೇಮಾತೊ-ಸಾನ್, ಈ ಹುಲ್ಲು ಎಲ್ಲಿ ಸಿಗುತ್ತದೆ?”

ನಾನು ಆ ತಟ್ಟಿಯ ಎದುರು ಹುಟ್ಟಿದಾಗಿನಿಂದ ಬೇಸಿಗೆ ಕಳೆದವನು. ಗಿರಣಿಯೂ ನನ್ನ ಕಣ್ಣೆದುರಿಗೇ ಇತ್ತು. ಎರಡನ್ನೂ ಸೇರಿಸಿ ನೋಡುವುದು ನನಗೆ ಹೊಳೆದಿರಲಿಲ್ಲ.

ಮರುದಿನದಿಂದ ಶೆಡ್ಡಿನ ಕಿಟಕಿಗಳಿಗೆಲ್ಲ ತಟ್ಟಿ ಏರಿದವು. ನೀರು ಎರಚಲು ಆಳುಗಳು ನಿಂತರು. “ಇದು ಗಿರಣಿಯೋ, ಮದುವೆಯ ಮಂಟಪವೋ?” ಎಂದರು ವೈದ್ಯ ಸಾಹೇಬರು. ಆದರೆ ಎಳೆ ಕಡಿಯುವುದು ಕಡಿಮೆಯಾಯಿತು. ತಮುರಾ ಒಂದೊಂದೇ ಮಗ್ಗ ಚಾಲೂ ಮಾಡುತ್ತ ಹೋದರು. ಉದ್ಘಾಟನೆಯ ದಿನ ಚೇರಮನ್ ಸಾಹೇಬರು ಹಾರ ಹಾಕಿಸಿಕೊಂಡು ಒಳಗೆ ಬಂದಾಗ ಇಡೀ ಸಾಲು ನಡೆಯುತ್ತಿತ್ತು. ಅವರು ಮೂಗರಳಿಸಿ, “ವಾಹ್, ಜಪಾನಿ ಮಗ್ಗಕ್ಕೆ ಖುಷ್ಬೂ ಕೂಡ ಇದೆಯೇನು?” ಎಂದು ಕೇಳಿದರು.

“ಹೌದು ಸಾಹೇಬ್. ನಯೀ ಟೆಕ್ನಿಕ್,” ಎಂದರು ವೈದ್ಯ ಸಾಹೇಬರು, ಕಣ್ಣು ಮಿಟುಕಿಸದೆ.

ಚೇರಮನ್ನರ ಜೊತೆ ಮುಂಬಯಿಯ ವ್ಯಾಪಾರಿ ಕಚೇರಿಯೊಂದರ ಜಪಾನಿ ಅಧಿಕಾರಿಯೂ ಬಂದಿದ್ದರು. ಅವರನ್ನು ಸ್ವಾಗತಿಸುವ ಕೆಲಸ ನನ್ನದು. ಮೀಸೆ ತೀಡಿಕೊಂಡು, ಟೈ ಸರಿಮಾಡಿಕೊಂಡು, ಅತ್ಯುತ್ತಮ ಜಪಾನಿಯಲ್ಲಿ ನಾಲ್ಕು ಮಾತು ಹೇಳಿದೆ. ಆ ಅಧಿಕಾರಿ ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು, ಆಮೇಲೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ ಇಂಗ್ಲಿಷಿನಲ್ಲಿ ವಿವರಿಸಿದರು. ಜಪಾನಿಯಲ್ಲಿ ಹೆಂಗಸರ ಮಾತೇ ಬೇರೆ, ಗಂಡಸರ ಮಾತೇ ಬೇರೆ. ನಾನು ಕಲಿತದ್ದು ಕಿಕುಯೆ ಅಜ್ಜಿಯ ಬಾಯಿಂದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎಣ್ಣೆ ಕಲೆಯ ಕೈಯ, ಪೊದೆ ಮೀಸೆಯ ಫಿಟರ್ ಒಬ್ಬ ದೊಡ್ಡ ಅಧಿಕಾರಿಯ ಮುಂದೆ ನಿಂತು, “ಅಯ್ಯ ನನ್ನಪ್ಪಾ, ಬಿಸಲಾಗ ಎಷ್ಟ ದಣದೀಯೋ, ಬಾ ಒಳಗ. ಈ ಮುದುಕಿ ನಿನಗ ಏನ್ ಮಾಡಿ ಹಾಕ್ಲಿ,” ಎಂದ ಹಾಗಾಗಿತ್ತು.

ಹಾರ ತುರಾಯಿಗಳು ಮುಗಿಯುವುದನ್ನೇ ಕಾದಿದ್ದು ತಮುರಾ ಅವರನ್ನು ಮಗ್ಗದ ಹಿಂದೆ ಹಿಡಿದೆ. ನಮ್ಮಿಬ್ಬರ ಮಾತನ್ನು ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ. ಬೇರೆ ಕನ್ನಡದಲ್ಲಿ ಅದು ನನ್ನ ಕಿವಿಗೆ ಕೇಳಿಸುವುದಿಲ್ಲ.

“ವರ್ಷದ ಮ್ಯಾಲಾತು ನನ್ನ ಮಾತು ಕೇಳಾಕತ್ತು. ಒಂದು ದಿನಾನೂ ಯಾಕ ತಿದ್ದಲಿಲ್ಲ ನೀವು?” ಎಂದೆ.

ತಮುರಾ ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

“ಮೊದಲ ನಗು ಬರ್ತಿತ್ತು. ಆಮ್ಯಾಲ ರೂಢಿ ಆತು. ನಮ್ಮವ್ವ ಯುದ್ಧದಾಗ ಹೋದ್ಲು. ಆಕಿ ಬರೋಬರ್ ಹಿಂಗ ಮಾತಾಡ್ತಿದ್ಲು. ‘ಎಣ್ಣಿ ಹಾಕೀಯೇನಪ್ಪಾ, ಕೈ ಜ್ವಾಕಿ’ ಅಂತ ಮಗ್ಗದ ಹಿಂದಿಂದ ನಿಮ್ಮ ದನಿ ಬಂದ್ರ... ತಿದ್ದಬೇಕು ಅಂತ ಅನಸಲೇ ಇಲ್ಲ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಪುಣ್ಯಕ್ಕೆ ಪಕ್ಕದ ಮಗ್ಗದಲ್ಲಿ ಒಂದು ಎಳೆ ಕಡಿಯಿತು, ಇಬ್ಬರೂ ಅತ್ತ ಬಗ್ಗಿದೆವು. ಗಂಟು ಹಾಕುತ್ತ, ಇನ್ನು ಮೇಲಾದರೂ ಗಂಡಸರ ಜಪಾನಿ ಕಲಿಸಿಕೊಡಿ ಎಂದೆ. ಅವರು ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಉಸಿರೆಳೆದು, “ಚೊಟ್ಟೋ...” ಎಂದರು.

ಮಳೆಗಾಲ ಹಿಡಿದು, ಮುಂಬಯಿಯ ಯಂತ್ರವೂ ಬಂದು, ತಮುರಾ ಅವರ ಕೆಲಸ ಮುಗಿಯಿತು. ಕಲಕತ್ತೆಯ ಗಾಡಿಗೆ ಹತ್ತಿಸಲು ನಾಗಪುರ ಸ್ಟೇಷನ್ನಿಗೆ ಅರ್ಧ ಶೆಡ್ಡೇ ಬಂದಿತ್ತು. ಅವರು ಒಬ್ಬೊಬ್ಬರಿಗೂ ಬಾಗಿದರು, ಒಬ್ಬೊಬ್ಬರೂ ತಿರುಗಿ ಬಾಗಿದರು. ಸಾಮಾನು ಹೊರುವ ಕೂಲಿಯೂ ಏನೋ ಪೂಜೆ ನಡೆದಿದೆಯೆಂದು ಕೈ ಮುಗಿದ. ವೈದ್ಯ ಸಾಹೇಬರು ಅವರ ಕೈ ಹಿಡಿದು, ಆದ್ಮೀ ಚಲೋ, ಮಗ್ಗವೂ ಚಲೋ ಎಂದು ಹೇಳು ಎಂದರು. ಅದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ.

ನೀಲವ್ವ ಕಟಕ್ ರೊಟ್ಟಿಯ ಗಂಟು ಹಿಡಿದು ಹಿಂದೆ ನಿಂತಿದ್ದಳು. ಗಾಡಿ ಸಿಳ್ಳೆ ಹಾಕಿದಾಗ ತಮುರಾ ಅವಳ ಮುಂದೆ ಬಂದು ನಿಂತರು. ಜಪಾನಿಯಲ್ಲಿ ಬೀಳ್ಕೊಳ್ಳುವುದಕ್ಕೆ ಅನೇಕ ಮಾತುಗಳಿವೆ. ಅತಿಥಿ ಹೇಳುವ ಮಾತು ಬೇರೆ, ಇನ್ನು ಕಾಣಲಾರೆವೇನೋ ಎನ್ನುವಾಗ ಹೇಳುವ ಮಾತು ಬೇರೆ. ಅವರು ಅವ್ಯಾವುದನ್ನೂ ಹೇಳಲಿಲ್ಲ.

“ಇತ್ತೆ ಕಿಮಾಸ್,” ಎಂದರು.

ಅದು ಬೆಳಿಗ್ಗೆ ಸ್ವಂತ ಮನೆಯ ಹೊಸ್ತಿಲು ದಾಟುವಾಗ ಒಳಗಿರುವವರಿಗೆ ಹೇಳುವ ಮಾತು. ಹೋಗಿ ಬರುತ್ತೇನೆ ಎಂದು. ನಾನು ಅದನ್ನು ಕನ್ನಡ ಮಾಡಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೀಲವ್ವ ರೊಟ್ಟಿಯ ಗಂಟನ್ನು ಅವರ ಕೈಗಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದ್ದಳು:

“ಹೂಂ ಅಣ್ಣಾರ, ಹೋಗಿ ಬರ್ರಿ.”